ಸಹ್ಯಾದ್ರಿಯ ಏರುತಗ್ಗುಗಳು ಮತ್ತು ಗಾಳಿಯ ಸುಳಿಗಳು

(ಪುಣೆ ಜಿಲ್ಲೆಯ ಭೋರ್ ಪಟ್ಟಣದಲ್ಲಿ ಕನ್ನಡ ಬಂಧುಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಪಾಠ)



ಉದ್ಯೋಗ, ವ್ಯಾಪಾರ, ವ್ಯಾಸಂಗ ಮೊದಲಾದ ಕಾರಣಗಳಿಂದ ಕನ್ನಡ ನಾಡನ್ನು ಬಿಟ್ಟು ಈ ಸೀಮೆಗೆ ಬಂದು ನೆಲೆಸಿರುವ ತಮ್ಮೊಡನೆ ಗಾಳಿ ಮತ್ತು ಬೆಟ್ಟಗಳ ಸಂಬಂಧವನ್ನು ಕುರಿತು ನಾಲ್ಕು ಮಾತುಗಳನ್ನು ಹಂಚಿಕೊಳ್ಳಬೇಕೆಂದು ಬಂದಿದ್ದೇನೆ. ವಿಷಯವು ಮೇಲುನೋಟಕ್ಕೆ ಗಣಿತಜ್ಞರಿಗೆ ಮಾತ್ರ ಸೇರಿದ್ದೆಂದು ತೋರಬಹುದು. ಆದರೆ ಭೋರ್‌ನ ಪಶ್ಚಿಮಕ್ಕೆ ಕಾಣುವ ಬೆಟ್ಟಗಳ ಮೇಲೆ ಬೀಳುವ ಮಳೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಮ್ಮೆ ಆಲೋಚಿಸಿ. ಅದು ನೀರಾ ನದಿಯಾಗಿ ಪೂರ್ವಕ್ಕೆ ಹರಿದು, ನರಸಿಂಹಪುರದ ಬಳಿ ಭೀಮೆಯನ್ನು ಕೂಡಿ, ಪಂಢರಪುರವನ್ನು ದಾಟಿ, ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಹೊಲಗಳ ಅಂಚಿನಲ್ಲಿ ಸಾಗಿ, ಕೊನೆಗೆ ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ. ಈ ಬೆಟ್ಟಗಳ ಮೇಲೆ ಗಾಳಿಯು ಹೇಗೆ ಸುಳಿಯುತ್ತದೆ ಎಂಬ ಪ್ರಶ್ನೆಯು ಭೀಮಾ ತೀರದ ರೈತನ ಬಾಗಿಲಿಗೂ ಬರುವ ಪ್ರಶ್ನೆಯೇ ಆಗಿದೆ.

2020ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ವಾಯುಭಾರ ಕುಸಿತವೊಂದು ದಖ್ಖನಿನ ಮೇಲೆ ಹಾದುಬಂದಿತು. ಜಲಾಶಯಗಳು ಆಗಲೇ ತುಂಬಿದ್ದ ಕಾಲ ಅದು. ಉಜನಿ ಅಣೆಕಟ್ಟಿನಿಂದಲೂ ನೀರಾ ಕಣಿವೆಯ ವೀರ್ ಅಣೆಕಟ್ಟಿನಿಂದಲೂ ಬಿಟ್ಟ ನೀರು ಒಂದಾಗಿ ಹರಿದಾಗ ಭೀಮಾ ತೀರದ ಎಷ್ಟೋ ಹಳ್ಳಿಗಳ ಜನ ಮನೆ ಬಿಟ್ಟು ಎತ್ತರದ ಸ್ಥಳಗಳಿಗೆ ಹೋಗಬೇಕಾಯಿತು. ಇಂತಹ ಸಂದರ್ಭದಲ್ಲಿ ಒಂದು ದಿನ ಮುಂಚಿತವಾಗಿ ದೊರೆಯುವ ಖಚಿತವಾದ ಸೂಚನೆಗೆ ಎಷ್ಟು ಬೆಲೆಯಿದೆ ಎಂಬುದನ್ನು ನೀರು ನುಗ್ಗಿದ ಮನೆಯವರೇ ಬಲ್ಲರು.

ಭೂಮಿಯೊಡನೆ ತಿರುಗುವ ಗಾಳಿ

ಗಾಳಿಯಾಗಲಿ ನೀರಾಗಲಿ ಎಲ್ಲ ಕಾಲದಲ್ಲಿಯೂ ನೇರವಾಗಿ, ಪದರ ಪದರವಾಗಿ ಹರಿಯುವುದಿಲ್ಲ. ವೇಗ ಹೆಚ್ಚಿದಂತೆ ಹರಿವು ಒಡೆದು ದೊಡ್ಡ ಸುಳಿಗಳಾಗುತ್ತದೆ. ದೊಡ್ಡ ಸುಳಿಗಳು ಸಣ್ಣ ಸುಳಿಗಳಾಗಿ ಒಡೆಯುತ್ತವೆ. ಅತಿ ಸಣ್ಣ ಸುಳಿಗಳು ಘರ್ಷಣೆಯಿಂದ ಶಾಖವಾಗಿ ಕರಗಿಹೋಗುತ್ತವೆ. ಈ ಗೊಂದಲದ ಹರಿವಿಗೆ ವಿಜ್ಞಾನದಲ್ಲಿ ಪ್ರಕ್ಷುಬ್ಧ ಹರಿವು ಎಂದು ಹೆಸರು. ಹೊಗೆಕೊಳವೆಯ ಬಾಯಿಯಲ್ಲಿ, ಸೇತುವೆಯ ಕಂಬದ ಹಿಂದೆ, ಕುದಿಯುವ ಅನ್ನದ ಪಾತ್ರೆಯಲ್ಲಿ ನಾವು ಇದನ್ನು ದಿನವೂ ಕಾಣುತ್ತೇವೆ.

ಆದರೆ ಹರಿಯುವ ವಸ್ತುವು ತಾನೇ ತಿರುಗುವ ಪಾತ್ರೆಯಲ್ಲಿದ್ದರೆ ಅದರ ನಡತೆ ಬೇರೆಯಾಗುತ್ತದೆ. ಕುಂಬಾರನ ತಿಗರಿಯ ಮೇಲೆ ನೀರು ತುಂಬಿದ ಬೋಗುಣಿಯನ್ನಿಟ್ಟು, ಒಂದೇ ವೇಗದಲ್ಲಿ ಬಹಳ ಹೊತ್ತು ತಿರುಗಿಸಿ, ನೀರೂ ಬೋಗುಣಿಯೊಡನೆ ಸಮವಾಗಿ ತಿರುಗತೊಡಗಿದ ಮೇಲೆ ಒಂದು ಹನಿ ಶಾಯಿಯನ್ನು ಬಿಟ್ಟರೆ, ಶಾಯಿಯು ಮೋಡದಂತೆ ಎಲ್ಲೆಡೆ ಹರಡದೆ, ಮೇಲಿನಿಂದ ಕೆಳಕ್ಕೆ ಇಳಿಬಿಟ್ಟ ತೆಳುವಾದ ಪರದೆಗಳಂತೆ ನಿಲ್ಲುತ್ತದೆ. ತಿರುಗುವಿಕೆಯು ನೀರಿಗೆ ಒಂದು ಬಗೆಯ ಬಿಗಿತವನ್ನು ಕೊಟ್ಟಿರುತ್ತದೆ. ಮೇಲಿನ ನೀರು, ಕೆಳಗಿನ ನೀರು ಒಂದೇ ಕಂಬದಂತೆ ಒಟ್ಟಾಗಿ ಚಲಿಸಲು ಬಯಸುತ್ತವೆ.

ಇಂಗ್ಲೆಂಡಿನ ವಿಜ್ಞಾನಿ ಜಿ. ಐ. ಟೇಲರ್ ಅವರು 1923ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ತಿರುಗುವ ತೊಟ್ಟಿಯ ತಳದಲ್ಲಿ ಗಿಡ್ಡನೆಯ ತಡೆಯೊಂದನ್ನು ಮೆಲ್ಲಗೆ ಎಳೆದಾಗ, ಆ ತಡೆಗಿಂತ ಎಷ್ಟೋ ಮೇಲಿದ್ದ ನೀರು ಕೂಡ, ಅಲ್ಲಿ ಕಾಣದ ಕಂಬವೊಂದು ನಿಂತಿದೆಯೋ ಎಂಬಂತೆ, ಪಕ್ಕಕ್ಕೆ ಸರಿದು ಸುತ್ತುಹಾಕಿ ಹೋಯಿತು. ತಳದಲ್ಲಿದ್ದ ಸಣ್ಣ ಉಬ್ಬೊಂದು ಇಡೀ ನೀರಿನ ಆಳವನ್ನೇ ಆಳಿತು. ಏರುತಗ್ಗುಗಳ ಪ್ರಭಾವವು ನೆಲದ ಹತ್ತಿರಕ್ಕೆ ಮಾತ್ರ ಸೀಮಿತವಲ್ಲ ಎಂಬುದು ಈ ಪ್ರಯೋಗದಿಂದ ಮನದಟ್ಟಾಗುತ್ತದೆ.

ನಾವು ನಿಂತಿರುವ ಭೂಮಿಯೂ ತಿರುಗುವ ತೊಟ್ಟಿಯೇ. ಧ್ರುವದಲ್ಲಿ ತೂಗಾಡುವ ಲೋಲಕದ ತಲವು ಸುಮಾರು 24 ಗಂಟೆಗಳಲ್ಲಿ ಒಂದು ಸುತ್ತು ತಿರುಗಿದಂತೆ ಕಾಣುತ್ತದೆ. ಭೋರ್ 18 ಡಿಗ್ರಿ ಉತ್ತರ ಅಕ್ಷಾಂಶಕ್ಕಿಂತ ತುಸು ಮೇಲಿದೆ; ಇಲ್ಲಿ ಅದೇ ಸುತ್ತಿಗೆ ಸುಮಾರು 77 ಗಂಟೆಗಳು ಬೇಕು. ಎಂದರೆ, ಗಾಳಿಯ ಮಟ್ಟಿಗೆ ಹೇಳುವುದಾದರೆ, ನಮ್ಮ ತೊಟ್ಟಿಯು ಬಹಳ ನಿಧಾನವಾಗಿ ತಿರುಗುತ್ತದೆ. ಆ ನಿಧಾನದಲ್ಲಿಯೇ ಸಮಸ್ಯೆಯ ಬೀಗದ ಕೈ ಅಡಗಿದೆ.

ಯಾವ ಸುಳಿಗೆ ಭೂಮಿಯ ತಿರುಗು ತಿಳಿಯುತ್ತದೆ?

ನೈರುತ್ಯ ಮಾರುತವು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬೀಸುತ್ತಿದೆ ಎಂದು ಇಟ್ಟುಕೊಳ್ಳೋಣ. ಎರಡು ಕಿಲೊಮೀಟರ್ ಅಗಲದ ಕಣಿವೆಯನ್ನು ಅದು ಎರಡು ನಿಮಿಷಗಳಲ್ಲಿ ದಾಟಿಬಿಡುತ್ತದೆ. 50 ಕಿಲೊಮೀಟರ್ ಅಗಲದ ಘಟ್ಟಸಾಲನ್ನು ದಾಟಲು ಒಂದು ಗಂಟೆಗೆ ಸ್ವಲ್ಪ ಕಡಿಮೆ ಸಾಕು. ಆದರೆ ಸಾವಿರ ಕಿಲೊಮೀಟರ್ ಕ್ರಮಿಸಲು ಹದಿನೆಂಟು ಗಂಟೆಗಳಿಗೂ ಹೆಚ್ಚು ಕಾಲ ಹಿಡಿಯುತ್ತದೆ. ಎರಡು ನಿಮಿಷಗಳಲ್ಲಿ ಭೂಮಿಯ ತಿರುಗು ಗಾಳಿಯ ದಿಕ್ಕನ್ನು ಬದಲಿಸಲಾರದು. ಹದಿನೆಂಟು ಗಂಟೆಗಳಲ್ಲಿ ಖಂಡಿತವಾಗಿ ಬದಲಿಸುತ್ತದೆ.

ಈ ಹೋಲಿಕೆಯನ್ನು ವಿಜ್ಞಾನಿಗಳು ರಾಸ್ಬಿ ಸಂಖ್ಯೆ ಎಂಬ ಒಂದೇ ಅಂಕಿಯಲ್ಲಿ ಹೇಳುತ್ತಾರೆ. ಈ ಸಂಖ್ಯೆ ಒಂದಕ್ಕಿಂತ ಬಹಳ ದೊಡ್ಡದಾಗಿದ್ದರೆ ತಿರುಗುವಿಕೆಯನ್ನು ಮರೆಯಬಹುದು; ಒಂದಕ್ಕಿಂತ ಚಿಕ್ಕದಾಗಿದ್ದರೆ ತಿರುಗುವಿಕೆಯೇ ಯಜಮಾನ. ಭೋರ್ ಅಕ್ಷಾಂಶದಲ್ಲಿ, ಮೇಲೆ ಹೇಳಿದ ವೇಗದ ಗಾಳಿಗೆ, ಎರಡು ಕಿಲೊಮೀಟರ್ ಕಣಿವೆಯಲ್ಲಿ ಈ ಸಂಖ್ಯೆ ಸುಮಾರು 165. ಘಟ್ಟದ ಅಗಲಕ್ಕೆ ಆರೂವರೆ. ಸಾವಿರ ಕಿಲೊಮೀಟರ್‌ಗೆ ಮೂರನೆಯ ಒಂದು ಭಾಗ ಮಾತ್ರ.

ಈ ಮೂರು ಅಂಕಿಗಳಿಂದ ತಿಳಿಯುವುದೇನೆಂದರೆ, ಸಹ್ಯಾದ್ರಿಯು ಗಾಳಿಗೆ ಒಂದೇ ಬೆಟ್ಟವಲ್ಲ. ಒಂದೊಂದು ಕೋಡುಗಲ್ಲಾಗಿ, ಒಂದೊಂದು ಕಣಿವೆಯಾಗಿ ಅದು ಒಂದು ಕೆಲಸವನ್ನು ಮಾಡುತ್ತದೆ; 1,600 ಕಿಲೊಮೀಟರ್ ಉದ್ದದ ಗೋಡೆಯಾಗಿ ಇನ್ನೊಂದು ಕೆಲಸವನ್ನು ಮಾಡುತ್ತದೆ. ಎರಡಕ್ಕೂ ನಿಯಮಗಳು ಬೇರೆ ಬೇರೆ. ಮುನ್ಸೂಚನೆಯ ಕಷ್ಟವೆಲ್ಲ ಇವೆರಡನ್ನೂ ಒಟ್ಟಿಗೆ ಹಿಡಿಯಬೇಕಾದುದರಲ್ಲಿದೆ.

ಗೋಡೆಯಾಗಿ ಸಹ್ಯಾದ್ರಿ

ಮೊದಲು ದೊಡ್ಡ ಗೋಡೆಯನ್ನು ನೋಡೋಣ. ಅರಬ್ಬೀ ಸಮುದ್ರದಿಂದ ಬರುವ ಗಾಳಿಯು ಘಟ್ಟಗಳ ತಡೆಗೆ ಸಿಕ್ಕಿ ನಿಧಾನವಾಗುತ್ತದೆ. ವೇಗ ಕುಗ್ಗಿದಾಗ ಅದರ ಮೇಲಿನ ಕೊರಿಯೊಲಿಸ್ ಬಲವೂ ಕುಗ್ಗುತ್ತದೆ. ಆಗ ಒತ್ತಡದ ವ್ಯತ್ಯಾಸವು ಮೇಲುಗೈ ಪಡೆದು, ಗಾಳಿಯನ್ನು ಎಡಕ್ಕೆ, ಎಂದರೆ ಘಟ್ಟದುದ್ದಕ್ಕೂ ಉತ್ತರದತ್ತ, ತಿರುಗಿಸುತ್ತದೆ. ಭೂಮಿಯ ತಿರುಗು ಇಷ್ಟಿರುವ ಅಕ್ಷಾಂಶದಲ್ಲಿ ಸಾವಿರ ಮೀಟರ್ ಎತ್ತರದ ಗೋಡೆಯ ಪ್ರಭಾವವು ಅದರ ಮುಂದೆ ಸುಮಾರು 200 ಕಿಲೊಮೀಟರ್ ದೂರದವರೆಗೆ ಹರಡಬಲ್ಲದು ಎಂದು ಲೆಕ್ಕ ಹೇಳುತ್ತದೆ. 1979ರ ಮುಂಗಾರಿನ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ವಿಮಾನಗಳಿಂದ ದೊರೆತ ಮಾಪನಗಳನ್ನು ಬಳಸಿ, 1984ರಲ್ಲಿ ಗ್ರಾಸ್ಮನ್ ಮತ್ತು ಡುರಾನ್ ಎಂಬ ವಿಜ್ಞಾನಿಗಳು, ಘಟ್ಟಗಳ ತಡೆಯಿಂದಾಗಿ ಗಾಳಿಯು ಕರಾವಳಿಯನ್ನು ಮುಟ್ಟುವ ಮೊದಲೇ, ಕಡಲಿನ ಮೇಲೆಯೇ ಏರತೊಡಗುತ್ತದೆ ಎಂದು ಪ್ರತಿಪಾದಿಸಿದರು. ಆ ಪರಿಣಾಮದ ಪ್ರಮಾಣವನ್ನು ಕುರಿತು ಆಮೇಲೆ ಚರ್ಚೆ ನಡೆಯಿತಾದರೂ, ಬೆಟ್ಟದ ಪ್ರಭಾವವು ಬೆಟ್ಟದ ಬುಡದಲ್ಲಿ ಆರಂಭವಾಗುವುದಿಲ್ಲ ಎಂಬ ದೃಷ್ಟಿ ನೆಲೆನಿಂತಿತು.

ಗಾಳಿಯು ಗೋಡೆಯನ್ನು ಏರಿ ದಾಟುವಾಗ ಇನ್ನೊಂದು ವಿಶೇಷ ನಡೆಯುತ್ತದೆ. ತಿರುಗುವ ಬುಗುರಿಯು ಗಿಡ್ಡವಾಗಿ ಅಗಲವಾದರೆ ಅದರ ತಿರುಗು ಕುಗ್ಗುತ್ತದೆ. ಎತ್ತರವಾಗಿ ಸಣ್ಣಗಾದರೆ ತಿರುಗು ಹೆಚ್ಚುತ್ತದೆ. ಗಾಳಿಯ ಕಂಬವೂ ಹಾಗೆಯೇ. ಬೆಟ್ಟದ ಮೇಲೆ ಅದು ಅದುಮಲ್ಪಟ್ಟಾಗ ಪ್ರದಕ್ಷಿಣವಾಗಿಯೂ, ಆಚೆಗಿನ ಇಳಿಜಾರಿನಲ್ಲಿ ಮತ್ತೆ ನೀಳವಾದಾಗ ಅಪ್ರದಕ್ಷಿಣವಾಗಿಯೂ ತಿರುಗುವ ಪ್ರವೃತ್ತಿಯನ್ನು ತಾಳುತ್ತದೆ. ತಿರುಗುವ ಹರಿವಿನಲ್ಲಿ ತಳವು ಸಮನಾಗಿದ್ದರೆ ಸುಳಿಗಳು ಒಂದರೊಡನೊಂದು ಕೂಡಿ ದೊಡ್ಡದಾಗುತ್ತ ಹೋಗುತ್ತವೆ. ತಳದಲ್ಲಿ ಏರುತಗ್ಗುಗಳಿದ್ದರೆ ಅವು ಸುಳಿಗಳನ್ನು ತಮ್ಮ ಆಕಾರಕ್ಕೆ ಕಟ್ಟಿಹಾಕುತ್ತವೆ. ಉಬ್ಬಿನ ಮೇಲೆ ಒಂದು ಬಗೆಯ ಸುಳಿ, ತಗ್ಗಿನ ಮೇಲೆ ಅದಕ್ಕೆ ವಿರುದ್ಧವಾದ ಸುಳಿ ನೆಲೆಗೊಳ್ಳುತ್ತದೆ. 1976ರಲ್ಲಿ ಬ್ರೆದರ್ಟನ್ ಮತ್ತು ಹೈಡ್‌ವೊಗೆಲ್ ಅವರು ಗಣಿತದ ಮೂಲಕ ಇದನ್ನು ನಿರೂಪಿಸಿದರು. ಗೊಂದಲದ ನಡುವೆಯೂ ನೆಲದ ಆಕಾರವು ಒಂದು ಕ್ರಮವನ್ನು ಬರೆಯುತ್ತದೆ ಎಂಬುದು ಇದರ ತಾತ್ಪರ್ಯ.

ಮುಂಗಾರಿನ ಮೂಲದಲ್ಲಿಯೂ ಇದೇ ನಿಯಮವನ್ನು ಕಾಣಬಹುದು. ದಕ್ಷಿಣಾರ್ಧದಿಂದ ಬರುವ ಗಾಳಿಯು ಪೂರ್ವ ಆಫ್ರಿಕದ ಎತ್ತರದ ಭೂಮಿಗೆ ಒತ್ತಿಕೊಂಡು, ಭೂಮಿಯ ತಿರುಗಿನ ಸಹಾಯದಿಂದ ಒಂದು ವೇಗದ ಧಾರೆಯಾಗಿ ಸೊಮಾಲಿಯದ ಕರೆಯಿಂದ ನಮ್ಮತ್ತ ಹೊರಳುತ್ತದೆ. ನೆಲದಿಂದ ಸುಮಾರು ಒಂದೂವರೆ ಕಿಲೊಮೀಟರ್ ಎತ್ತರದಲ್ಲಿರುವ ಈ ಧಾರೆಯನ್ನು ಜಾನ್ ಫಿಂಡ್ಲೇಟರ್ ಎಂಬ ಹವಾಮಾನ ವಿಜ್ಞಾನಿ 1969ರಲ್ಲಿ ವಿವರವಾಗಿ ವರ್ಣಿಸಿದರು. ಕೀನ್ಯದ ಬೆಟ್ಟಗಳು ತಿದ್ದಿದ ಗಾಳಿಯೇ ಭೋರ್‌ನ ಬೆಟ್ಟಗಳ ಮೇಲೆ ಮಳೆಯಾಗುತ್ತದೆ.

ಕಣಿವೆಯಾಗಿ ಸಹ್ಯಾದ್ರಿ

ಇನ್ನು ಸಣ್ಣ ಅಳತೆಗೆ ಬರೋಣ. ಭೋರ್‌ನಿಂದ ವರಂಧಾ ಘಟ್ಟದ ದಾರಿಯಲ್ಲಿ ಕೊಂಕಣದ ಮಹಾಡ್‌ಗೆ ಇಳಿದವರು ನೆಲದ ಸ್ವರೂಪವನ್ನು ಕಂಡಿದ್ದೀರಿ. ಕೆಳಗೆ ಮಹಾಡ್ ಸಮುದ್ರಮಟ್ಟಕ್ಕೆ ಸಮೀಪದಲ್ಲಿದೆ. ಮೇಲೆ ತೋರಣಾ ದುರ್ಗದ ನೆತ್ತಿ ಸುಮಾರು 1,400 ಮೀಟರ್ ಎತ್ತರದಲ್ಲಿದೆ. ರಾಯರೇಶ್ವರದ ಪ್ರಸ್ಥಭೂಮಿ, ರಾಜಗಡ, ರೋಹಿಡಾ ಕೋಟೆಗಳ ನಡುವೆ ನೀರಾ ಮತ್ತು ವೇಳವಂಡಿ ನದಿಗಳ ಕಿರಿದಾದ ಕಣಿವೆಗಳಿವೆ. ಇಲ್ಲಿ ಗಾಳಿಗೆ ಭೂಮಿಯ ತಿರುಗಿನ ಅರಿವಿಲ್ಲ. ಇಲ್ಲಿ ಮುಖ್ಯವಾಗುವುದು ಗಾಳಿಯ ವೇಗ, ಬೆಟ್ಟದ ಎತ್ತರ, ಹಾಗೂ ಗಾಳಿಯ ಪದರಗಳು ಎಷ್ಟು ಸ್ಥಿರವಾಗಿವೆ ಎಂಬುದು.

ಸ್ಥಿರವಾದ ಗಾಳಿಯನ್ನು ಬೆಟ್ಟವು ಮೇಲಕ್ಕೆತ್ತಿದರೆ ಅದು ಕೆಳಗಿಳಿದು, ಮತ್ತೆ ಮೇಲೇರಿ, ಸುಮಾರು ಹತ್ತು ನಿಮಿಷಕ್ಕೊಮ್ಮೆ ಓಲಾಡುತ್ತದೆ. ಅಷ್ಟು ಹೊತ್ತಿನಲ್ಲಿ ಅದು ಒಂಬತ್ತು ಕಿಲೊಮೀಟರ್ ಮುಂದೆ ಹೋಗಿರುತ್ತದೆ. ಹೀಗೆ ಬೆಟ್ಟದ ಹಿಂದೆ ಒಂಬತ್ತು ಹತ್ತು ಕಿಲೊಮೀಟರಿಗೊಂದರಂತೆ ಅಲೆಗಳೇಳುತ್ತವೆ; ತೇವ ತುಂಬಿದ ಗಾಳಿಯಲ್ಲಿ ಈ ಅಂತರ ಇನ್ನೂ ಹೆಚ್ಚು. ಅಲೆಯು ಕಡಿದಾಗಿ ಮುರಿದಲ್ಲಿ ತೀವ್ರವಾದ ಪ್ರಕ್ಷುಬ್ಧತೆ ಹುಟ್ಟುತ್ತದೆ. ಘಟ್ಟದ ಮೇಲೆ ಹಾರುವ ವಿಮಾನ ಚಾಲಕರಿಗೆ ಇದು ಪರಿಚಿತ. ಸಹ್ಯಾದ್ರಿಯ ಅಲೆಗಳನ್ನೂ ಮಳೆಯನ್ನೂ ಸಮೀಕರಣಗಳಿಂದ ಲೆಕ್ಕ ಹಾಕುವ ಮೊದಲ ಪ್ರಯತ್ನಗಳಲ್ಲಿ ಒಂದು ಪುಣೆಯಲ್ಲಿಯೇ ನಡೆಯಿತು. 1962ರಲ್ಲಿ ಸ್ಥಾಪಿತವಾದ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿದ್ದ ಆರ್. ಪಿ. ಸರ್ಕಾರ್ ಅವರು 1966ರಲ್ಲಿ ಪರ್ವತಮಳೆಯ ಗಣಿತ ಮಾದರಿಯೊಂದನ್ನು ಪ್ರಕಟಿಸಿದರು.

ಈ ಸಣ್ಣ ಅಳತೆಯ ಫಲವನ್ನು ಮಳೆಮಾಪಕವೇ ಹೇಳುತ್ತದೆ. ಮಹಾಬಳೇಶ್ವರದಲ್ಲಿ ವರ್ಷಕ್ಕೆ ಸರಾಸರಿ 5,500 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಂದ ಇಪ್ಪತ್ತು ಕಿಲೊಮೀಟರಿಗೂ ಕಡಿಮೆ ದೂರದ ಪಂಚಗಣಿಯಲ್ಲಿ ಅದರ ಮೂರನೆಯ ಒಂದು ಭಾಗದಷ್ಟು. ಪುಣೆ ನಗರದಲ್ಲಿ 700 ಮಿಲಿಮೀಟರ್ ಆಸುಪಾಸು. ನಮ್ಮ ಆಗುಂಬೆಯಿಂದ ಶಿವಮೊಗ್ಗೆಗೆ ಬರುವಾಗ ಕಾಣುವ ವ್ಯತ್ಯಾಸವೂ ಇಂತಹುದೇ.

ಭೋರ್‌ನ ದಕ್ಷಿಣಕ್ಕಿರುವ ಮಾಂಢರದೇವಿಯ ಬೆಟ್ಟವನ್ನು ನೀವೆಲ್ಲ ಬಲ್ಲಿರಿ. ಸುಮಾರು 1,300 ಮೀಟರ್ ಎತ್ತರದ ಆ ನೆಲೆಯಲ್ಲಿ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯು ರಾಡಾರನ್ನಿಟ್ಟು ಘಟ್ಟದ ಮೋಡಗಳನ್ನು ಅಧ್ಯಯನ ಮಾಡಿದೆ. ಗಾಳಿಗೆ ಎದುರಾದ ಇಳಿಜಾರಿನಲ್ಲಿ ಮೋಡಗಳು ಹೆಚ್ಚಾಗಿ ಗಿಡ್ಡವಾಗಿದ್ದು ಸಣ್ಣ ಹನಿಗಳನ್ನು ಬಿಡದೆ ಸುರಿಸುತ್ತವೆಂದೂ, ಮಳೆನೆರಳಿನ ಕಡೆಗೆ ಮಧ್ಯಾಹ್ನದ ಬಿಸಿಲಿನ ಬಳಿಕ ಎತ್ತರದ ಮೋಡಗಳು ಏಳುತ್ತವೆಂದೂ ಇಂತಹ ಅಧ್ಯಯನಗಳಿಂದ ತಿಳಿದುಬಂದಿದೆ. ಒಂದೇ ತಾಲ್ಲೂಕಿನ ಎರಡು ಅಂಚುಗಳಲ್ಲಿ ಮಳೆಯ ಪ್ರಮಾಣ ಮಾತ್ರವಲ್ಲ, ಮಳೆಯ ಜಾತಿಯೇ ಬೇರೆ.

ಆರು ಕಿಲೊಮೀಟರಿನ ಚೌಕ

ಈ ಜ್ಞಾನದಿಂದ ಜನರಿಗೆ ಪ್ರಯೋಜನವೇನು ಎಂದು ಕೇಳಬಹುದು. 2021ರ ಜುಲೈ 22ರಂದು ವರಂಧಾ ಘಟ್ಟದ ಬುಡದ ತಳಿಯೆ ಗ್ರಾಮದ ಮೇಲೆ ಗುಡ್ಡ ಕುಸಿದು 80ಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅಂದಿನಿಂದ ಮರುದಿನ ಬೆಳಗಿನವರೆಗಿನ 24 ಗಂಟೆಗಳಲ್ಲಿ ಮಹಾಬಳೇಶ್ವರದಲ್ಲಿ ಸುಮಾರು 594 ಮಿಲಿಮೀಟರ್ ಮಳೆಯಾಯಿತು. ಪುಣೆ ನಗರದ ಇಡೀ ವರ್ಷದ ಮಳೆಯಲ್ಲಿ ಬಹುಪಾಲು ಒಂದೇ ದಿನದಲ್ಲಿ ಬಿದ್ದಂತಾಯಿತು. ಮುಂಗಾರಿನ ದೊಡ್ಡ ಧಾರೆಯು ಬಲಗೊಳ್ಳುವುದನ್ನು ಇಂದು ದಿನಗಳ ಮುಂಚೆಯೇ ಹೇಳಬಹುದು; ಏಕೆಂದರೆ ಅದು ಭೂಮಿಯ ತಿರುಗಿನ ಬಿಗಿತಕ್ಕೆ ಒಳಪಟ್ಟ ಹರಿವು. ಆದರೆ ಆ ಧಾರೆಯು ಯಾವ ಕಣಿವೆಯಲ್ಲಿ ಸಿಕ್ಕಿ, ಯಾವ ಗುಡ್ಡದ ಮೇಲೆ ಎಷ್ಟು ಸುರಿಸುವುದು ಎಂಬುದನ್ನು ಸಣ್ಣ ಸುಳಿಗಳು ನಿರ್ಧರಿಸುತ್ತವೆ. ಕೆಂಪು ಎಚ್ಚರಿಕೆಯು ಜಿಲ್ಲೆಗೆ ಬರುತ್ತದೆ. ಕುಸಿತವು ಗ್ರಾಮದಲ್ಲಿ ಆಗುತ್ತದೆ. ಈ ಅಂತರವನ್ನು ತುಂಬುವುದೇ ನಮ್ಮ ಮುಂದಿರುವ ಕಾರ್ಯ.

ಈ ದಿಕ್ಕಿನಲ್ಲಿ ದೇಶವು ಸಾಕಷ್ಟು ಮುಂದುವರಿದಿದೆ. ಬೆಂಗಳೂರಿನ ರೊದ್ದಂ ನರಸಿಂಹ ಅವರು ಪ್ರಕ್ಷುಬ್ಧ ಹರಿವಿನ ಅಧ್ಯಯನದಲ್ಲಿ ವಿಶ್ವಮಾನ್ಯರಾದವರು. 1982ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾಯುಮಂಡಲ ವಿಜ್ಞಾನ ಕೇಂದ್ರವು ಆರಂಭವಾಗಲು ಅವರು ಕಾರಣರಾದರು. 1990ರಲ್ಲಿ ಮಾಂಟ್‌ಬ್ಲೆಕ್ಸ್ ಎಂಬ ರಾಷ್ಟ್ರೀಯ ಪ್ರಯೋಗದಲ್ಲಿ ಜೋಧಪುರ, ದೆಹಲಿ, ವಾರಾಣಸಿ, ಖರಗ್‌ಪುರಗಳಲ್ಲಿ ಗೋಪುರಗಳನ್ನು ನಿಲ್ಲಿಸಿ ನೆಲದ ಸಮೀಪದ ಗಾಳಿಯ ಸುಳಿಗಳನ್ನು ಅಳೆಯಲಾಯಿತು. ಅವು ಬಯಲು ಸೀಮೆಯ ಅಳತೆಗಳು. ಘಟ್ಟದ ಮೋಡಗಳ ಅಧ್ಯಯನಕ್ಕೆಂದು 2012ರಲ್ಲಿ ಮಹಾಬಳೇಶ್ವರದಲ್ಲಿ ಪ್ರಯೋಗಾಲಯವೊಂದು ಆರಂಭವಾಯಿತು. 2024ರ ಸೆಪ್ಟೆಂಬರಿನಲ್ಲಿ 2,000 ಕೋಟಿ ರೂಪಾಯಿಗಳ ಮಿಷನ್ ಮೌಸಮ್ ಯೋಜನೆಗೆ ಮಂಜೂರಾತಿ ದೊರೆಯಿತು. ಅದೇ ತಿಂಗಳು ಪುಣೆಯ ಸಂಸ್ಥೆಯಲ್ಲಿ ಅರ್ಕಾ ಎಂಬ ಮಹಾಗಣಕ ಕಾರ್ಯಾರಂಭ ಮಾಡಿತು. 2025ರ ಮೇ 26ರಂದು, ಆ ಸಂಸ್ಥೆಯೇ ರೂಪಿಸಿದ ಭಾರತ್ ಮುನ್ಸೂಚನಾ ವ್ಯವಸ್ಥೆಯು ದೇಶಕ್ಕೆ ಸಮರ್ಪಿತವಾಯಿತು. ಹಿಂದಿನ ಮಾದರಿಯು ಭೂಮಿಯನ್ನು 12 ಕಿಲೊಮೀಟರಿನ ಚೌಕಗಳಾಗಿ ಕಂಡರೆ, ಇದು ಆರು ಕಿಲೊಮೀಟರಿನ ಚೌಕಗಳಾಗಿ ಕಾಣುತ್ತದೆ.

ಆದರೂ ವಿನಯದಿಂದ ಒಂದು ಮಾತನ್ನು ಹೇಳಬೇಕು. ಆರು ಕಿಲೊಮೀಟರಿನ ಚೌಕದೊಳಗೆ ಎರಡು ಕಿಲೊಮೀಟರಿನ ಕಣಿವೆಯು ಸರಾಸರಿಯಲ್ಲಿ ಕರಗಿಹೋಗುತ್ತದೆ; ದುರ್ಗದ ನೆತ್ತಿ ತಗ್ಗುತ್ತದೆ, ಕಮರಿ ತುಂಬಿಕೊಳ್ಳುತ್ತದೆ. ಅಲ್ಲಿಯ ಸುಳಿಗಳನ್ನು ಗಣಕವು ನೇರವಾಗಿ ಕಾಣಲಾರದು. ಸೂತ್ರಗಳ ಮೂಲಕ ಅಂದಾಜು ಮಾಡುತ್ತದೆ. ಆ ಸೂತ್ರಗಳನ್ನು ತಿದ್ದಲು ಬೇಕಾದುದು ಕಣಿವೆಯ ನೆಲದ ಮೇಲಿನ ಅಳತೆಗಳು.

ಭೋರ್‌ಗೆ ಸಮೀಪದ ಭಾಟಘರ್ ಅಣೆಕಟ್ಟು 1928ರಲ್ಲಿ ಪೂರ್ಣಗೊಂಡಿತು. ಅದರ ಜಲಾಶಯ ಸುಮಾರು 23 ಟಿಎಂಸಿ ನೀರನ್ನು ಹಿಡಿಯುತ್ತದೆ. ನಮ್ಮವರೇ ಆದ ಸರ್ ಎಂ. ವಿಶ್ವೇಶ್ವರಯ್ಯನವರು ಇದೇ ಜಿಲ್ಲೆಯ ಖಡಕ್‌ವಾಸ್ಲಾದಲ್ಲಿ 1903ರಲ್ಲಿ, ನೀರು ಮಟ್ಟ ಮೀರಿದೊಡನೆ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಅಳವಡಿಸಿದರು. ಬಂದ ನೀರಿಗೆ ಅವು ಉತ್ತರ. ಇನ್ನೂ ಬಾರದ ನೀರಿಗೆ ಉತ್ತರವೆಂದರೆ ಮುನ್ಸೂಚನೆ. ಮೇಲಿನ ಕಣಿವೆಯಲ್ಲಿ ನಾಳೆ ಬೀಳುವ ಮಳೆ ಇಂದೇ ತಿಳಿದರೆ, ಜಲಾಶಯದ ನೀರನ್ನು ಸ್ವಲ್ಪ ಸ್ವಲ್ಪವಾಗಿ ಮೊದಲೇ ಬಿಡಬಹುದು. ಭೀಮಾ ತೀರದ ಹಳ್ಳಿಗಳಿಗೆ ರಾತ್ರಿಯ ಬದಲು ಹಗಲಿನಲ್ಲಿ ಎಚ್ಚರಿಕೆ ಕೊಡಬಹುದು.

ನಮ್ಮ ಪಾಲಿನ ಕೆಲಸ

ಇದರಲ್ಲಿ ಸಾಮಾನ್ಯ ನಾಗರಿಕರ ಪಾತ್ರ ಸಣ್ಣದಲ್ಲ. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನಿಟ್ಟು ದಿನವೂ ಬೆಳಿಗ್ಗೆ ಎಂಟೂವರೆಗೆ ತಪ್ಪದೆ ಓದಿ ಬರೆದಿಡುವುದು ಮಕ್ಕಳಿಂದಲೂ ಸಾಧ್ಯ. ಮಾಪಕವನ್ನು ಮರಕ್ಕೆ, ಗೋಡೆಗೆ ಅಂಟಿಸಿ ಇಡಬಾರದು. ಅಡೆತಡೆಯ ಎತ್ತರದ ಕನಿಷ್ಠ ಎರಡು ಪಟ್ಟು ದೂರವಿರಬೇಕು. ಗಾಳಿ ಹೊಡೆಯುವ ಬೆಟ್ಟದಂಚಿನಲ್ಲಿಯೂ ಇಡಬಾರದು. ಅಲ್ಲಿ ಮಾಪಕದ ಬಾಯಿಯ ಸುತ್ತ ಏಳುವ ಸುಳಿಗಳೇ ಹನಿಗಳನ್ನು ಆಚೆಗೆ ಒಯ್ಯುವುದರಿಂದ ಅಳತೆ ಕಡಿಮೆ ಬರುತ್ತದೆ. ಘಟ್ಟದ ಗಾಳಿಯನ್ನು ಅಲೆಯಾಗಿಸುವ ಅದೇ ನಿಯಮವು ಅಂಗೈಯಗಲದ ಪಾತ್ರೆಯ ಬಾಯಲ್ಲಿಯೂ ಕೆಲಸ ಮಾಡುತ್ತದೆ ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಸೂಚನೆಗಳನ್ನು ಗಮನಿಸಿ. ಪಟ್ಟಣದಲ್ಲಿ ಬಿಸಿಲಿದೆಯೆಂದು ಘಟ್ಟದ ಕೆಂಪು ಸೂಚನೆಯನ್ನು ಅಲ್ಲಗಳೆಯಬೇಡಿ. ಇಪ್ಪತ್ತು ಕಿಲೊಮೀಟರ್ ಅಂತರದಲ್ಲಿ ಮಳೆ ಮೂರು ಪಟ್ಟಾಗುವ ಸೀಮೆ ಇದು. ಇಳಿಜಾರಿನಲ್ಲಿ ಹೊಸ ಬಿರುಕು ಕಂಡರೆ, ತಿಳಿನೀರಿನ ಊಟೆ ಇದ್ದಕ್ಕಿದ್ದಂತೆ ಕೆಂಪಗಾದರೆ, ಮಳೆ ನಿಲ್ಲಲೆಂದು ಕಾಯದೆ ಗ್ರಾಮದ ಅಧಿಕಾರಿಗಳಿಗೆ ತಿಳಿಸಿ, ಮನೆಯವರೊಡನೆ ಸುರಕ್ಷಿತ ಸ್ಥಳಕ್ಕೆ ಹೊರಡಿ.

ಬಂಧುಗಳೇ, ಬೆಟ್ಟವು ಗಾಳಿಗೆ ಅಡ್ಡನಿಂತ ಕಲ್ಲು ಮಾತ್ರ ಎಂದು ನಾವು ಭಾವಿಸಿದ್ದೆವು. ಅದು ಗಾಳಿಯ ಗೊಂದಲವನ್ನು ಹಂಚಿಕೊಡುವ ಹಸ್ತವೂ ಹೌದು. ದೊಡ್ಡ ಸುಳಿಗಳನ್ನು ಭೂಮಿಯ ತಿರುಗಿನೊಡನೆ ಕೂಡಿ ತಿದ್ದುತ್ತದೆ. ಸಣ್ಣ ಸುಳಿಗಳನ್ನು ತಾನೇ ಹುಟ್ಟಿಸುತ್ತದೆ. ಮೊದಲನೆಯದನ್ನು ಮಹಾಗಣಕವು ನೋಡಿಕೊಳ್ಳುತ್ತಿದೆ. ಎರಡನೆಯದಕ್ಕೆ ಕಣಿವೆ ಕಣಿವೆಯಲ್ಲಿಯೂ ಕಣ್ಣುಗಳು ಬೇಕು. ಈ ಬೆಟ್ಟಗಳ ನೆರಳಿನಲ್ಲಿ ವಾಸಿಸುವ ತಾವು ಇಲ್ಲಿ ಅಳೆದು ಬರೆದಿಟ್ಟ ಮಳೆಯ ಲೆಕ್ಕವು, ಇಲ್ಲಿಂದ ಎಷ್ಟೋ ದೂರದಲ್ಲಿ ಭೀಮಾ ತೀರದ ತಮ್ಮ ನಂಟರಿಷ್ಟರ ಮನೆಯನ್ನು ಕಾಯಬಲ್ಲದು ಎಂಬ ನಂಬಿಕೆಯೊಡನೆ ನನ್ನ ಮಾತುಗಳನ್ನು ಮುಗಿಸುತ್ತೇನೆ.